ಎರಡೂ ತುದಿಗೆ ಟೇಪು

ಕಪ್ಪು ಇನ್ಸುಲೇಷನ್ ಟೇಪನ್ನು ಸುರುಳಿಯಿಂದ ಎಳೆಯುವಾಗ ಚರ್ರೆಂದು ಒಂದು ಶಬ್ದ ಬರುತ್ತದಲ್ಲ, ಅದು ಈಗ ನನಗೆ ಆಗುವುದಿಲ್ಲ. ಬ್ರಹ್ಮಾವರದಲ್ಲಿ ನಾನು ಪಾಠ ಮಾಡುವ ಕಂಪ್ಯೂಟರ್ ಕ್ಲಾಸಿಗೆ ಮೊನ್ನೆ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡ್ ಬಿಚ್ಚಿಕೊಂಡು ಕೂತಿದ್ದ. ಟೇಪು ಚರ್ರೆಂದಿತು. ಬೋರ್ಡಿನ ಮೇಲೆ ಬರೆಯುತ್ತಿದ್ದ ಸಾಲನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದು ನಿಂತೆ. ಭಯಕ್ಕೋ ಸಿಟ್ಟಿಗೋ ಎಂದು ಯಾರಾದರೂ ಕೇಳಿದರೆ ಸಿಟ್ಟಿಗೆ ಎಂದೇ ಹೇಳುತ್ತೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಅಕ್ಕನ ಗಂಡ, ಭಾವ, ಕೊಲ್ಲೂರಿನಲ್ಲಿ ಲಾಡ್ಜುಗಳ ಸಾಲಿನ ನಡುವೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಅವರ ಮನೆ ಬೈಂದೂರಿನಲ್ಲಿ; ದಿನವೂ ಬೈಕಿನಲ್ಲಿ ಬಂದು ಹೋಗುತ್ತಾರೆ. ಮೊದಲು ಅಲ್ಲಿ ಬಳೆ, ಕುಂಕುಮ, ಕಟ್ಟು ಹಾಕಿಸಿದ ದೇವರ ಫೋಟೋ ಮಾರುತ್ತಿದ್ದರು. ಹೋದ ಮಳೆಗಾಲದಲ್ಲಿ ಅವರಿಗೊಂದು ಯೋಚನೆ ಬಂತು. ದೇವಸ್ಥಾನಕ್ಕೆ ಬಂದವರಲ್ಲಿ ಬಹಳ ಜನರಿಗೆ ಕೊಡಚಾದ್ರಿ ಹತ್ತುವ ಆಸೆ. ಮಳೆ ಜೋರಾದರೆ ಜೀಪು ಮೇಲೆ ಹೋಗುವುದಿಲ್ಲ. ಹೋದರೂ ಆ ದಾರಿಯ ಕುಲುಕಾಟ ವಯಸ್ಸಾದವರ ಸೊಂಟಕ್ಕಲ್ಲ. ಅಂಥವರಿಗೆ ಕೋಣೆಯಲ್ಲೇ ಕೊಡಚಾದ್ರಿ ತೋರಿಸಿದರೆ? ಕಣ್ಣಿಗೆ ಕಟ್ಟುವ ವಿಆರ್ ಹೆಡ್‌ಸೆಟ್ಟು ಒಂದು, ಲ್ಯಾಪ್‌ಟಾಪು ಒಂದು, ತುದಿಯಲ್ಲಿ ಎಲ್ಲರೂ ಕೈ ಮುಗಿಯುವ ಕಲ್ಲುಮಂಟಪದ ಎದುರು ನಿಂತು ಸುತ್ತಲೂ ತೆಗೆದ ವಿಡಿಯೋ ಒಂದು. ಮಂಗಳೂರಿನ ಯಾರೋ ಎಲ್ಲವನ್ನೂ ಸೇರಿಸಿ ಮಾರಿ ಹೋಗಿದ್ದ. ಆಮೇಲೆ ಫೋನಿನಲ್ಲಿ ಮಾತ್ರ ಸಿಗುತ್ತಿದ್ದ.

ತಂದ ವಾರವೇ ಭಾವನ ಫೋನು ಬಂತು.

"ಹ್ವಾಯ್, ಎಂತ ಮಾಡ್ತಾ ಇದ್ದೆ? ಇದೊಂದ್ ಕನೆಕ್ಟೇ ಆತಿಲ್ಲೆ ಮಾರಾಯ್ತಿ. ಆದ್ರೂ ಅರ್ಧಕ್ಕೇ ಕಟ್ ಆತ್ತ್. ಆಯ್ತವಾರ ಬಂದ್ ಒಂಚೂರ್ ಕಾಣ್."

ಆ ಭಾನುವಾರ ನಾನು ಬಸ್ರೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ. ಅಮ್ಮನ ಅಕ್ಕ ಅವರು. ಮಂಡಿ ನೋವು ಬಂದ ಮೇಲೆ ಮೆಟ್ಟಿಲೆಂದರೆ ಹೆದರುತ್ತಾರೆ, ಆದರೆ ಬಸ್ಸು ಹತ್ತಲು ಮಾತ್ರ ಯಾವತ್ತೂ ತಯಾರು. ವಿಷಯ ಕೇಳಿದ್ದೇ ಸೀರೆ ಬದಲಾಯಿಸಿದರು.

"ಕೊಡಚಾದ್ರಿ ಕಾಣುಕೆ ನಂಗೆ ಈ ಜನ್ಮದಗೆ ಆತಿಲ್ಲೆ ಅಂದ್ಕಂಡಿದ್ದೆ. ನಾನೂ ಬತ್ತೆ."

"ಅದ್ ಬರೀ ವಿಡಿಯೋ ದೊಡ್ಡಮ್ಮ."

"ಆಯ್ಲಿ. ಟಿವಿಯಗೆ ಆರತಿ ಕಂಡ್ರೆ ಕೈ ಮುಗಿತಿಲ್ಯಾ ನೀನ್?"

ಕುಂದಾಪುರದಲ್ಲಿ ಬಸ್ಸು ಬದಲಾಯಿಸಿ, ವಂಡ್ಸೆ ದಾಟಿ ಕೊಲ್ಲೂರಿಗೆ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಸರಳು ಹಿಡಿದು ಕಾಡಿನ ಕಡೆ ನೋಡುತ್ತಿದ್ದರು, ಗುಡ್ಡದ ತುದಿ ಎಲ್ಲಾದರೂ ಕಂಡೀತೇ ಎಂದು. ಮೋಡ ಬಿಟ್ಟು ಕೊಡಲಿಲ್ಲ.

ಕೋಣೆ ಚಿಕ್ಕದು. ಫೋಟೋಗಳನ್ನು ತೆಗೆದ ಗೋಡೆಯಲ್ಲಿ ಮೊಳೆಗಳು ಹಾಗೇ ಉಳಿದಿದ್ದವು. ಮೂಲೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಎದುರು ಪ್ಲಾಸ್ಟಿಕ್ ಕುರ್ಚಿ. ದೊಡ್ಡಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಕಾಲ್ ತೊಳ್ಕಣ್ಕಾ?" ಎಂದು ಕೇಳಿದರು. ಭಾವ ನಕ್ಕರು. ನಾನೂ ನಕ್ಕೆ. ಆ ಪ್ರಶ್ನೆಯಲ್ಲೇ ಎಲ್ಲ ಇತ್ತು. ಕಾಲು ತೊಳೆಯಬೇಕೇ ಎಂದು ಕೇಳುವವರು ಒಳಗೆ ಹೋದ ಮೇಲೆ ಇನ್ನೇನೇನು ಮಾಡುತ್ತಾರೆಂದು ಆ ಕೋಣೆ ಕಟ್ಟಿಕೊಂಡವರು ಯೋಚಿಸಬೇಕಿತ್ತು.

ಮೊದಲು ವೈರಿಲ್ಲದೆ ನೋಡಿದೆ. ಹೆಡ್‌ಸೆಟ್ಟೂ ಲ್ಯಾಪ್‌ಟಾಪೂ ಒಂದೇ ವೈಫೈನಲ್ಲಿದ್ದರೆ ಒಂದನ್ನೊಂದು ಹುಡುಕಿಕೊಳ್ಳಬೇಕು. ಭಾವ ಬಳಸುತ್ತಿದ್ದದ್ದು ಎದುರಿನ ಲಾಡ್ಜಿನ ವೈಫೈ. ಬಂದುಳಿದವರ ಫೋನುಗಳು ಪರಸ್ಪರ ಕಾಣಿಸಬಾರದೆಂದು ಅಲ್ಲಿ ಕಟ್ಟುಪಾಡು ಹಾಕಿದ್ದರು, ಅದು ಸರಿಯೇ. ಹಾಗಾಗಿ ಪಕ್ಕಪಕ್ಕ ಇಟ್ಟರೂ ಒಂದರ ಸುಳಿವು ಇನ್ನೊಂದಕ್ಕಿಲ್ಲ. ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದೆ. ಕಂಡುಕೊಂಡವು, ಆದರೆ ಚಿತ್ರ ತುಂಡು ತುಂಡಾಗಿ ಬಂತು. ಗುಡ್ಡ ಒಂದು ಕಡೆ ನಿಂತರೆ ಆಕಾಶ ಸ್ವಲ್ಪ ಹೊತ್ತು ಬಿಟ್ಟು ಬರುತ್ತಿತ್ತು. ಹಾಕಿ ನೋಡಿದ ಭಾವನಿಗೆ ವಾಂತಿ ಬರುವಂತಾಯಿತು.

ಇನ್ನು ಕೇಬಲ್ಲು. ಭಾವ ಚುಚ್ಚಿದ್ದ ಕೇಬಲ್ಲು ಚಾರ್ಜಿಂಗಿನದು. ಅದರಲ್ಲಿ ಕರೆಂಟು ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಲ್ಯಾಪ್‌ಟಾಪಿನ ಮಟ್ಟಿಗೆ ಅಲ್ಲಿ ಹೆಡ್‌ಸೆಟ್ಟೇ ಇರಲಿಲ್ಲ. ಚಿತ್ರವೂ ಹೋಗುವ ಉದ್ದದ ಕೇಬಲ್ಲು ಡಬ್ಬಿಯೊಳಗೆ ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಬಿದ್ದಿತ್ತು. ಅದನ್ನು ಹಾಕಿದೆ. ಈಗ ಇನ್ನೊಂದು ಪಂಚಾಯಿತಿ: ಲ್ಯಾಪ್‌ಟಾಪಿಗೆ ಒಪ್ಪಿಗೆ ಕೊಡುವುದೋ ಬೇಡವೋ ಎಂಬ ಪ್ರಶ್ನೆ ಹೆಡ್‌ಸೆಟ್ಟಿನ ಒಳಗೆ, ಹಾಕಿಕೊಂಡವರಿಗೆ ಮಾತ್ರ ಕಾಣಿಸುತ್ತದೆ. ಹಾಕಿಕೊಂಡು ಕೂತಿದ್ದವರು ದೊಡ್ಡಮ್ಮ.

"ಎಂತ ಕಾಂತ್ ದೊಡ್ಡಮ್ಮ?"

"ಕಪ್ಪ್. ಮಧ್ಯದಗೆ ಎಂತದೋ ಇಂಗ್ಲಿಷ್."

"ಕೈಯಗಿಪ್ಪುದರ ಬಟನ್ ಒತ್ತಿ. ಬಲಬದಿದ್."

"ಒತ್ತ್ದೆ. ಹೋಯ್ತ್."

"ಎಂತ ಹೋಯ್ತ್?"

"ಇಂಗ್ಲಿಷ್."

ಭಾವ ಹೊಟ್ಟೆ ಹಿಡಿದು ನಕ್ಕರು. ಬೇಡ ಎಂದು ಒತ್ತಿದ್ದರು ಅವರು. ಕೇಬಲ್ಲು ಕಿತ್ತು ಮತ್ತೆ ಹಾಕಿ, ಈ ಸಲ ನಾನೇ ಕೈ ಹಿಡಿದು ಒತ್ತಿಸಿದೆ. ಚಿತ್ರ ಬಂತು. ಸ್ವಲ್ಪ ಹೊತ್ತಿಗೆ ಹೋಯಿತು. ಲ್ಯಾಪ್‌ಟಾಪು ವಿದ್ಯುತ್ ಉಳಿಸಲೆಂದು ಆ ಯುಎಸ್‌ಬಿ ಕಿಂಡಿಯನ್ನು ಮಲಗಿಸುತ್ತಿತ್ತು. ಆ ಸೆಟ್ಟಿಂಗು ತೆಗೆದೆ. ಆಮೇಲೆ ಸುಮ್ಮನೆ ಕೂತರೆ ಚಿತ್ರ ನಿಂತಿತು, ತಲೆ ತಿರುಗಿಸಿದರೆ ಮಾತ್ರ ಹೋಗುತ್ತಿತ್ತು. ಕೈಯಲ್ಲಿ ಅಲ್ಲಾಡಿಸಿ ನೋಡಿದಾಗ ಗೊತ್ತಾಯಿತು, ಹೆಡ್‌ಸೆಟ್ಟಿನ ಕಿಂಡಿಯಲ್ಲಿ ಕೇಬಲ್ಲಿನ ತುದಿ ಬಿಗಿಯಾಗಿ ಕೂರುತ್ತಿರಲಿಲ್ಲ.

ಇದಕ್ಕೊಂದು ಸಲೀಸಾದ ದಾರಿ ಇತ್ತು. ವಿಡಿಯೋವನ್ನು ಹೆಡ್‌ಸೆಟ್ಟಿನೊಳಗೇ ತುಂಬಿಬಿಟ್ಟರೆ ಕೇಬಲ್ಲೂ ಬೇಡ, ಲ್ಯಾಪ್‌ಟಾಪೂ ಬೇಡ. ಭಾವ ಮಾರಿದವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ನಾನು ಹೇಳಿದೆ. ಆತ ಒಪ್ಪಲಿಲ್ಲ.

"ಹಾಗೆ ಕೊಡಕ್ಕಾಗಲ್ಲ ಮೇಡಂ. ಹೆಡ್‌ಸೆಟ್ಟಿಗೆ ಹಾಕಿದ್ರೆ ಜನ ಕಾಪಿ ಹೊಡೀತಾರೆ. ಲ್ಯಾಪ್‌ಟಾಪಿಗೆ ಲಾಕ್ ಮಾಡಿದೀವಿ. ಕೇಬಲ್ ಲೂಸಾ? ಟೇಪ್ ಸುತ್ತಿ. ನಾವು ಎಲ್ಲಾ ಕಡೆ ಟೇಪೇ ಸುತ್ತೋದು."

ನಗುನಗುತ್ತಾ ಹೇಳಿದ. ಅವನ ವಿಡಿಯೋ ಕಳುವಾಗಬಾರದು ಎಂಬ ಒಂದೇ ಕಾರಣಕ್ಕೆ ಆ ಕೋಣೆಯಲ್ಲಿ ಕೇಬಲ್ಲಿತ್ತು ಎಂಬುದನ್ನು ನಾನು ಮರೆಯುವುದಿಲ್ಲ.

ಭಾವ ಅಂಗಡಿಯ ಡ್ರಾಯರಿನಿಂದ ಟೇಪು ತೆಗೆದರು.

"ಭಾವ, ಬ್ಯಾಡ. ಎಳೆದ್ರೆ ಅದ್ ಬಿಟ್ಟ್ಕಂಡ್ ಬರ್ಬೇಕ್. ಬೇರೆ ಕೇಬಲ್ ತರ್ಸುವ."

"ಬಿಟ್ಟ್ಕಂಡ್ ಬಪ್ಪುದೇ ಅಲ್ದಾ ಈಗಿನ ರಗಳೆ! ಅದಕ್ಕೇ ನಿನ್ನ ಕರ್ಸಿದ್ದ್. ನಿಮ್ಗ್ ಕಾಲೇಜ್ ಕಲ್ತವ್ರಿಗೆ ಎಲ್ಲದಕ್ಕೂ ಆತಿಲ್ಲೆ ಅಂಬುದೇ ಒಂದ್ ಖುಷಿ."

"ಯಾರಾರೂ ಎಡವಿದ್ರೆ?"

"ಅಡ್ಡಿಲ್ಲೆ, ಅದಕ್ಕೂ ಉಪಾಯ ಇತ್ತ್."

ಚರ್ರೆಂದು ಎಳೆದು, ಹೆಡ್‌ಸೆಟ್ಟಿನ ಪಟ್ಟಿಗೆ ಕೇಬಲ್ಲನ್ನು ಸೇರಿಸಿ ಸುತ್ತು ಸುತ್ತು ಸುತ್ತಿದರು. ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿನ ಅಡಿಗೆ ತಂದು ಅಡ್ಡಡ್ಡ ಅಂಟಿಸಿದರು. ಕಾಲಿಗೆ ಸಿಗಬಾರದೆಂದು ನಡುವಿನ ಕೇಬಲ್ಲನ್ನು ನೆಲದಿಂದೆತ್ತಿ, ಫೋಟೋ ತೂಗುಹಾಕುತ್ತಿದ್ದ ಮೊಳೆಯ ಮೇಲಿಂದ ಹಾಯಿಸಿದರು. ಮೊಳೆ ಇದ್ದದ್ದು ನಿಂತವರ ಹೆಗಲಿನ ಎತ್ತರಕ್ಕೆ. "ಈಗ ಎಡವ್ ಕಾಂಬ," ಎಂದರು.

ದೊಡ್ಡಮ್ಮನನ್ನು ಮತ್ತೆ ಕೂರಿಸಿದೆವು. "ಅತ್ತೆ, ಈಗ ಬೇಕಾದಂಗೆ ತಲೆ ತಿರ್ಗ್ಸಿ, ಕಟ್ ಆತಿಲ್ಲೆ," ಎಂದು ಭಾವ ಧೈರ್ಯ ಕೊಟ್ಟರು. ನಾನು ಲ್ಯಾಪ್‌ಟಾಪಿನ ಮುಂದೆ ನಿಂತೆ. ಅವರು ನೋಡುವುದೆಲ್ಲ ಆ ಪರದೆಯ ಮೇಲೂ ಮೂಡುತ್ತದೆ.

ಹಸಿರು ಹುಲ್ಲು, ಮೋಡ, ಮೋಡದ ಹಿಂದೆ ಕಲ್ಲುಮಂಟಪ. ಚಿತ್ರ ಸ್ವಲ್ಪ ಮೇಲೆದ್ದಿತು. ದೊಡ್ಡಮ್ಮ ಕುರ್ಚಿಯಿಂದ ಎದ್ದು ನಿಂತಿದ್ದರು. ಭಾವ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, "ನಿಂತ್ರೂ ಕಟ್ ಆಯ್ಲಿಲ್ಲೆ ಕಾಣ್!" ಎಂದರು. ನಾನು ನೋಡುತ್ತಿದ್ದದ್ದು ಪರದೆಯನ್ನು. ಸಂಪರ್ಕ ಸರಿಯಾಗಿದೆಯೇ ಎಂದು ನೋಡಲು ತಾನೇ ನನ್ನನ್ನು ಕರೆಸಿದ್ದು. ಚಿತ್ರ ಬಲಕ್ಕೆ ಜಾರಿತು. ಮಂಟಪ ಹೋಗಿ ಕಾಡು ಬಂತು, ಕಾಡು ಹೋಗಿ ದೂರದಲ್ಲಿ ಬೆಳ್ಳಗೆ ಕಡಲಿನ ಗೆರೆ ಬಂತು, ಅದೂ ಹೋಗಿ ಮತ್ತೆ ಮಂಟಪ. ಎಲ್ಲೂ ತಡವರಿಸಲಿಲ್ಲ. ಮತ್ತೆ ಕಾಡು, ಮತ್ತೆ ಕಡಲು.

"ಎಂತ ಸ್ಮೂತ್ ಕಾಣ್!" ಭಾವ ಚಪ್ಪಾಳೆ ತಟ್ಟಿದರು.

ಆಗ ನನಗೆ ಹೊಳೆಯಿತು. ದೊಡ್ಡಮ್ಮ ಸುತ್ತಲೂ ನೋಡುತ್ತಿರಲಿಲ್ಲ, ನಿಂತಲ್ಲೇ ಪ್ರದಕ್ಷಿಣೆ ಬರುತ್ತಿದ್ದರು. ಗರ್ಭಗುಡಿಯ ಎದುರು ಜಾಗವಿಲ್ಲದಾಗ ಎಲ್ಲರೂ ಮಾಡುವಂತೆ, ಕೈ ಮುಗಿದುಕೊಂಡು, ತಮ್ಮ ಸುತ್ತ ತಾವು ಮೂರು ಸುತ್ತು. ಪರದೆಯಿಂದ ತಲೆಯೆತ್ತುವಷ್ಟರಲ್ಲಿ ಮೂರನೆಯ ಸುತ್ತು ಮುಗಿದಿತ್ತು. ಮೊಳೆಯಿಂದ ಬಂದ ಕೇಬಲ್ಲು ಅವರ ಕುತ್ತಿಗೆಗೆ ಸುತ್ತಿಕೊಂಡಿತ್ತು. ಸೆರಗಿನ ಅಂಚಿನಂತೆ ಮೆತ್ತಗೆ ಕೂತಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಪ್ರದಕ್ಷಿಣೆಯಾದ ಮೇಲೆ ಏನು ಮಾಡುತ್ತಾರೋ ಅದನ್ನೇ ಮಾಡಲು ಹೊರಟರು. ನಮಸ್ಕಾರಕ್ಕೆಂದು ಮಂಡಿಯೂರಿ ಬಗ್ಗಿದರು.

"ದೊಡ್ಡಮ್ಮಾ, ನಿಲ್ಲಿ!"

ಅವರ ಕಿವಿಯಲ್ಲಿ ವಿಡಿಯೋದ ಬೆಟ್ಟದ ಗಾಳಿಯ ಶಬ್ದ ತುಂಬಿತ್ತು, ಕೇಳಿಸಲಿಲ್ಲ. ಅವರ ಭಾರ ಕೆಳಗೆ ಹೋದಂತೆ ಕೇಬಲ್ಲು ಮೊಳೆಯ ಮೇಲೆ ಬಿಗಿಯಿತು. ಮೇಜಿನ ಮೇಲಿನ ಲ್ಯಾಪ್‌ಟಾಪು ಗೋಡೆಯ ಕಡೆಗೆ ಸರಕ್ಕೆಂದು ಜಾರಿತು.

ಈಗ ಹೇಳುವುದನ್ನು ನಾನು ಅಕ್ಕನ ಎದುರೂ ಹೇಳಿದ್ದೇನೆ. ಭಾವ ಹಾರಿ ಹಿಡಿದದ್ದು ಲ್ಯಾಪ್‌ಟಾಪನ್ನು. ಎರಡೂ ಕೈಯಲ್ಲಿ ಅಪ್ಪಿ ತನ್ನ ಕಡೆಗೆ ಎಳೆದುಕೊಂಡರು. ಅವರು ಎಳೆದಷ್ಟೂ ಆ ತುದಿಯಲ್ಲಿ ಕುತ್ತಿಗೆ ಬಿಗಿಯುತ್ತಿತ್ತು. ದೊಡ್ಡಮ್ಮನ ಬಾಯಿಂದ ಒಂದು ಸ್ವರ ಬಂತು. ನಾನು ಹಿಂದಿನಿಂದ ಅವರ ಕಂಕುಳಿಗೆ ಕೈ ಕೊಟ್ಟು ಮೇಲೆತ್ತಲು ನೋಡಿದೆ. ನನ್ನಿಂದ ಆಗಲಿಲ್ಲ. ಕೇಬಲ್ಲಿನ ಅಡಿಗೆ ಬೆರಳು ತೂರಿಸಲು ನೋಡಿದೆ. ಹೋಗಲಿಲ್ಲ.

"ಲ್ಯಾಪ್‌ಟಾಪ್ ಬಿಡಿ!"

"ಬಿಟ್ರೆ ಬಿದ್ದ್ ಒಡಿತ್ತ್!"

"ಬಿಡಿ ಅಂದೆ!"

ಬಿಡಲಿಲ್ಲ. ಕಾಲು ಚಾಚಿ ಅವರ ಮೊಣಕೈಗೆ ಒದ್ದೆ. ಭಾವನಿಗೆ ಒದ್ದೆ, ಹೌದು. ಹಿಡಿತ ತಪ್ಪಿತು. ಲ್ಯಾಪ್‌ಟಾಪು ಹಾರಿ ಮೊಳೆಯ ಕೆಳಗಿನ ಗೋಡೆಗೆ ಬಡಿದು ನೇತಾಡಿತು. ಕೇಬಲ್ಲು ಸಡಿಲವಾಯಿತು. ದೊಡ್ಡಮ್ಮ ಪಕ್ಕಕ್ಕೆ ಬಿದ್ದರು. ಹೆಡ್‌ಸೆಟ್ಟನ್ನು ಕೂದಲು ಸಮೇತ ಕಿತ್ತು, ಸುತ್ತು ಬಿಡಿಸಿದೆ. ಅವರು ಉಸಿರೆಳೆದ ಆ ಮೊದಲ ಶಬ್ದ ಇನ್ನೂ ಕಿವಿಯಲ್ಲಿದೆ, ನೀರು ಬತ್ತಿದ ಬಾವಿಯ ಪಂಪು ಗಾಳಿ ಎಳೆದ ಹಾಗೆ.

ಅಷ್ಟಾದರೂ ಎರಡು ತುದಿಯ ಟೇಪಿನಲ್ಲಿ ಒಂದೂ ಬಿಟ್ಟಿರಲಿಲ್ಲ. ಹೆಡ್‌ಸೆಟ್ಟನ್ನು ನೆಲಕ್ಕೆ ಹಾಕುವಾಗ ಅದರೊಳಗೆ ಇಣುಕಿ ನೋಡಿದ್ದೆ. ಹುಲ್ಲು, ಮೋಡ, ಮಂಟಪ. ಸಂಪರ್ಕ ಕಡಿದಿರಲಿಲ್ಲ.

ಯಾರದೋ ಜೀಪು ಹಿಡಿದು ಬೈಂದೂರಿಗೆ ಹೋದೆವು. ಕ್ಲಿನಿಕ್ಕಿನಲ್ಲಿ ವೈದ್ಯರು ಕುತ್ತಿಗೆಯ ಕೆಂಪು ಗೆರೆಯನ್ನು ನೋಡಿ ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಭಾವ, "ಬಟ್ಟೆ ಒಣಗ್ಸುವ ಹಗ್ಗ ಸಿಕ್ಕಿ ಬಿದ್ರ್ ಡಾಕ್ಟ್ರೆ," ಎಂದರು. ವೈದ್ಯರು ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಹೌದೆಂದು ತಲೆಯಾಡಿಸಿದರು! ಅಳಿಯನ ಮರ್ಯಾದೆ ಕಾಯಲು, ಆಗಷ್ಟೇ ಬಿಡಿಸಿಕೊಂಡು ಬಂದ ಆ ಕುತ್ತಿಗೆಯನ್ನೇ ಆಡಿಸಿದರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹಗ್ಗವಲ್ಲ, ಕೇಬಲ್ಲು. ಸಿಕ್ಕಿದ್ದಲ್ಲ, ಸುತ್ತಿಕೊಂಡದ್ದು. ಬಿಡಿಸುವ ಬದಲು ಎಳೆದರು ಎಂಬುದನ್ನೂ ಹೇಳಿದೆ. ವೈದ್ಯರು ನುಂಗಿಸಿ ನೋಡಿ, ಮಾತಾಡಿಸಿ ನೋಡಿ, ಉಡುಪಿಗೆ ಕಳಿಸಿ ಕುತ್ತಿಗೆಯ ಸ್ಕ್ಯಾನ್ ಮಾಡಿಸಿದರು. ಮೂಳೆಗೆ ಏನೂ ಆಗಿರಲಿಲ್ಲ. ಸ್ವರ ಮಾತ್ರ ಒಡೆಯಿತು.

ಆಮೇಲೆ ಅಕ್ಕನ ಮನೆಯಲ್ಲಿ ನಡೆದ ಮಾತಿಗೆ ಕೇಬಲ್ಲಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

"ಸುತ್ತ್ ಬನ್ನಿ ಅಂದೋರ್ ಯಾರ್ ಅವ್ರಿಗೆ? ತಲೆ ತಿರ್ಗ್ಸಿ ಅಂದದ್ದ್ ನಾನ್," ಎಂದರು ಭಾವ.

"ಡಾಕ್ಟ್ರ ಎದ್ರಿಗೆ ನನ್ ಗಂಡನ ಮರ್ಯಾದೆ ತೆಗ್ದೆ ನೀನ್. ಒದ್ದದ್ದ್ ಬೇರೆ," ಎಂದಳು ಅಕ್ಕ.

"ಅಕ್ಕಾ, ಅವ್ರ್ ಎಳಿತಾ ಇದ್ದದ್ದ್ ದೊಡ್ಡಮ್ಮನ ಕುತ್ಗಿ."

"ಅವ್ರಿಗೆ ಗೊತ್ತಿತ್ತಾ ಅದ್?"

ಗೊತ್ತಿರಲಿಲ್ಲ. ಒಪ್ಪುತ್ತೇನೆ. ಆದರೆ ಕೊಲ್ಲೂರಿನಲ್ಲಿ ಕೂತು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುವವರ ಕಣ್ಣೆದುರು ಕಲ್ಲುಮಂಟಪ ತಂದಿಟ್ಟು, ಅವರು ಸುತ್ತು ಬರುತ್ತಾರೆಂದು ಗೊತ್ತಿರಲಿಲ್ಲ ಎಂದರೆ ಯಾರು ನಂಬಬೇಕು? ಮಂಗಳೂರಿನವನಿಗೆ ಗೊತ್ತಿಲ್ಲದಿರಬಹುದು. ಅವನಿಗೆ ಇದೊಂದು ವಿಡಿಯೋ. ಭಾವ ಹುಟ್ಟಿ ಬೆಳೆದದ್ದೇ ದೇವಸ್ಥಾನದ ಊರಿನಲ್ಲಿ. ಈಗಲೂ ಅಂಗಡಿ ತೆರೆಯುವ ಮೊದಲು ದಿನಾ ಬೆಳಿಗ್ಗೆ ಅವರೇ ನಿಂತಲ್ಲಿ ಸುತ್ತು ಬರುತ್ತಾರೆ.

ದೊಡ್ಡಮ್ಮನನ್ನು ಬಸ್ರೂರಿಗೆ ಕರೆದುಕೊಂಡು ಹೋಗಿ ಜೊತೆಗಿದ್ದೆ. ಗೆರೆ ಕೆಂಪಿನಿಂದ ನೀಲಿಗೆ, ನೀಲಿಯಿಂದ ಹಳದಿಗೆ ತಿರುಗಿತು. ಅವರು ಅದಕ್ಕೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ, ಒಡೆದ ಸ್ವರದಲ್ಲಿ, ಬಂದವರಿಗೆಲ್ಲ ಕೊಡಚಾದ್ರಿ ವರ್ಣಿಸಿದರು. ಕಡಲು ಕಂಡದ್ದನ್ನು ಹೇಳಿದರು. ಕೇಬಲ್ಲಿನ ಸುದ್ದಿ ಎತ್ತಲಿಲ್ಲ. ನನ್ನ ಹತ್ತಿರ ಒಂದೇ ದೂರು:

"ನಮಸ್ಕಾರ ಪೂರ ಆಯ್ಲಿಲ್ಲೆ ಮಗಾ. ಹಣಿ ನೆಲಕ್ಕ್ ಮುಟ್ಲಿಲ್ಲೆ."

"ಮುಟ್ಟಿದ್ರೆ ನೀವ್ ಈಗ ಇರ್ತಿರ್ಲಿಲ್ಲೆ!"

ಕಿರುಚಿದ್ದೆ. ಅವರು ಎಣ್ಣೆಯ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಂಗೆ ಸಿಟ್ಟ್ ಯಾರ್ ಮೇಲೆ?" ಎಂದು ಮೆತ್ತಗೆ ಕೇಳಿದರು. ಎದ್ದು ಹೋದೆ. ಸಿಟ್ಟು ಮಾಡಬೇಕಾದವರು ಅವರು. ಅವರು ಮಾಡದ್ದರಿಂದ ಅವರ ಪಾಲಿನದೂ ನನ್ನ ಮೇಲೆಯೇ ಬಿದ್ದಿದೆ ಅನಿಸುತ್ತದೆ.

ಹೊಸ ಲ್ಯಾಪ್‌ಟಾಪು ಬಂತೆಂದು ಅಕ್ಕನಿಂದ ತಿಳಿಯಿತು. "ಈಗ ಎಲ್ಲ ಸಮಾ ಇತ್ತ್, ಬೋರ್ಡ್ ಕೂಡ ಹಾಕಿರ್," ಎಂದಳು. ನಾನು ಹೇಳದೆ ಕೇಳದೆ ಕೊಲ್ಲೂರಿನ ಬಸ್ಸು ಹತ್ತಿದೆ.

ಬೋರ್ಡು ಗೋಡೆಯ ಮೇಲಿತ್ತು. ಕೆಂಪು ಅಕ್ಷರದಲ್ಲಿ: ಇಲ್ಲಿ ಪ್ರದಕ್ಷಿಣೆ ಹಾಕಬಾರದು. ಕಣ್ಣು ಕಟ್ಟಿಸಿಕೊಂಡವರು ಓದಲೆಂದು! ಬೋರ್ಡಿನ ಕೆಳಗಿನ ಕುರ್ಚಿಯಲ್ಲಿ ಘಟ್ಟದ ಮೇಲಿನಿಂದ ಬಂದ ಯಾತ್ರಿಕರೊಬ್ಬರು ಹೆಡ್‌ಸೆಟ್ಟು ಹಾಕಿಕೊಂಡು ಕೂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಶಾಲು. ಎರಡೂ ಕೈ ಎದೆಯ ಮುಂದೆ ಮುಗಿದಿದ್ದವು. ಕೇಬಲ್ಲು ಅದೇ ಮೊಳೆಯ ಮೇಲಿಂದ ಹಾದಿತ್ತು. ಎರಡೂ ತುದಿಗೆ ಹೊಸ ಟೇಪು.

ಭಾವ ನನ್ನನ್ನು ನೋಡಿ ಎದ್ದರು. "ಹ್ವಾಯ್, ಈಗ ರಗಳೆ ಮಾಡ್ಬೇಡ. ಗಿರಾಕಿ ಇದ್ರ್."

ಯಾತ್ರಿಕರ ಹಿಂದೆ ನಿಂತು ಪಟ್ಟಿಯ ಟೇಪಿಗೆ ಉಗುರು ಹಾಕಿದೆ. ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಹರಿದೆ. ಅಂಟಿನ ಕಹಿ ಬಾಯಿಗೆ ಬಂತು. ಸುತ್ತು ಬಿಡಿಸುವಾಗ ಅದೇ ಶಬ್ದ. "ಯಾರಪ್ಪಾ ಅದು?" ಎಂದರು ಅವರು. "ಏನಿಲ್ಲ, ನೋಡಿ ನೀವು," ಎಂದೆ. ಕೇಬಲ್ಲನ್ನು ಮೊಳೆಯಿಂದಿಳಿಸಿ ನೆಲಕ್ಕೆ ಬಿಟ್ಟು, ಲ್ಯಾಪ್‌ಟಾಪಿನ ಕಡೆಯ ಟೇಪನ್ನೂ ಕಿತ್ತೆ. ಭಾವ ತಡೆಯಲು ಒಂದು ಹೆಜ್ಜೆ ಮುಂದೆ ಬಂದರು. ನನ್ನ ಮುಖದಲ್ಲಿ ಏನು ಕಂಡರೋ, ಕೈ ಮೊಣಕೈಗೆ ಹೋಯಿತು, ಅಲ್ಲೇ ನಿಂತರು.

ಯಾತ್ರಿಕರು ಎದ್ದರು. ಎದ್ದೇ ಏಳುತ್ತಾರೆಂದು ನನಗೆ ಗೊತ್ತಿತ್ತು. ಬಲಕ್ಕೆ ತಿರುಗತೊಡಗಿದರು. ಅರ್ಧ ಸುತ್ತು ಬರುವಷ್ಟರಲ್ಲಿ ಕೇಬಲ್ಲಿನ ತುದಿ ಕಿಂಡಿಯಿಂದ ಜಾರಿ ಟಕ್ಕೆಂದು ನೆಲಕ್ಕೆ ಬಿತ್ತು.

"ಅಯ್ಯೋ, ಕತ್ತಲೆ ಆಗೋಯ್ತಲ್ಲಪ್ಪ," ಎಂದರು ಅವರು.

"ಕಂಡ್ಯಾ?" ಭಾವ ನನ್ನತ್ತ ತಿರುಗಿದರು. "ಕಟ್ ಆಯ್ತ್. ಹೀಂಗಾದ್ರೆ ವ್ಯಾಪಾರ ಮಾಡುದ್ ಹ್ಯಾಂಗೆ?"

"ಕಟ್ ಆಯ್ಲಿ," ಎಂದೆ. ಕೇಬಲ್ಲಿನ ತುದಿಯನ್ನು ನೆಲದಿಂದೆತ್ತಿ ಮತ್ತೆ ಕಿಂಡಿಗೆ ಸಿಕ್ಕಿಸಿದೆ, ಭಾವನ ಡ್ರಾಯರಿನಿಂದ ಟೇಪಿನ ಸುರುಳಿ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ, ಯಾತ್ರಿಕರ ಪಕ್ಕದಲ್ಲೇ ನಿಂತೆ. "ಸುತ್ತು ಬನ್ನಿ," ಎಂದೆ ಅವರಿಗೆ. "ಬಿದ್ದಾಗಲೆಲ್ಲ ನಾನು ಹಾಕಿಕೊಡ್ತೇನೆ."